ಜಾಕ್ ಲಂಡನ್ ಎಂಬ ರೋಗಿಯ ಕೇಸ್ ಶೀಟ್

ನಮ್ಮ ಡಯಾಲಿಸಿಸ್ ಘಟಕದಲ್ಲಿ ಕಿಟಕಿ ಪಕ್ಕದ ಹಾಸಿಗೆ ನಿವೃತ್ತ ಮೇಷ್ಟ್ರೊಬ್ಬರದ್ದು. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಎಡಗೈಯನ್ನು ಯಂತ್ರಕ್ಕೆ ಒಪ್ಪಿಸಿ ಬಲಗೈಯಲ್ಲಿ ಪುಸ್ತಕ ಹಿಡಿದಿರುತ್ತಾರೆ. ಕಳೆದ ತಿಂಗಳು ಅವರ ಕೈಯಲ್ಲಿದ್ದದ್ದು ಅಮೆರಿಕದ ಕಾದಂಬರಿಕಾರ ಜಾಕ್ ಲಂಡನ್. ರೌಂಡ್ಸ್‌ಗೆ ಹೋದ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: “ಡಾಕ್ಟರೇ, ಇಷ್ಟೆಲ್ಲ ಸಾಹಸ ಮಾಡಿದವನು ನಲವತ್ತಕ್ಕೇ ಆತ್ಮಹತ್ಯೆ ಮಾಡಿಕೊಂಡನಂತಲ್ಲ, ನಿಜವೇ?”

“ನಾನು ಒಪ್ಪುವುದಿಲ್ಲ ಮೇಷ್ಟ್ರೇ. ಅವನೂ ನಿಮ್ಮ ಪೈಕಿ, ಕಿಡ್ನಿ ರೋಗಿ” ಎಂದೆ. ಅವರ ಹುಬ್ಬು ಮೇಲೇರಿತು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಲಂಡನ್ ಹುಟ್ಟಿದ್ದು 1876ರ ಜನವರಿ 12ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಂದೆಯೆನ್ನಲಾದ ಜ್ಯೋತಿಷಿ ಮಗುವನ್ನು ತನ್ನದೆಂದು ಒಪ್ಪಲಿಲ್ಲ. ಹೆಸರಿನ ‘ಲಂಡನ್’ ಮಲತಂದೆ ಕೊಟ್ಟದ್ದು. ಹದಿಹರೆಯದಲ್ಲೇ ದೋಣಿಯೊಂದನ್ನು ಕೊಂಡು, ಕೊಲ್ಲಿಯಲ್ಲಿ ಪರರ ಸಿಂಪಿ ಕದ್ದು ಮಾರಿದ. 1893ರಲ್ಲಿ ಸೀಲ್ ಬೇಟೆಯ ಹಡಗಿನಲ್ಲಿ ಜಪಾನ್ ಕಡೆಗೆ ಹೋದ. ಮರುವರ್ಷ ರೈಲಿಗೆ ಜೋತುಬಿದ್ದು ಅಲೆದಾಡಿ, ಅಲೆಮಾರಿಯೆಂಬ ತಪ್ಪಿಗೆ ಮೂವತ್ತು ದಿನ ಜೈಲು ಕಂಡ. ಇದೆಲ್ಲ ಯಾವ ಜೀವನಚರಿತ್ರೆಯಲ್ಲಾದರೂ ಸಿಗುತ್ತದೆ. ವೈದ್ಯನಾಗಿ ನನ್ನ ಕುತೂಹಲ ಶುರುವಾಗುವುದು 1897ರಿಂದ.

ಆ ವರ್ಷ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದೆಯೆಂಬ ಸುದ್ದಿ ಹಬ್ಬಿ ಸಾವಿರಾರು ಜನ ಉತ್ತರಕ್ಕೆ ನುಗ್ಗಿದರು. ಚಿಲ್ಕೂಟ್ ಕಣಿವೆ ದಾಟುವವನು ಒಂದು ವರ್ಷಕ್ಕೆ ಸಾಕಾಗುವ ಸಾಮಾನು ತರಬೇಕೆಂದು ಕೆನಡಾ ಪೊಲೀಸರ ಕಟ್ಟಪ್ಪಣೆ. ಅಂದರೆ ತಲೆಗೆ ಸುಮಾರು ಒಂದು ಟನ್. ಅದನ್ನು ಬೆನ್ನ ಮೇಲೆ ಕಂತುಕಂತಾಗಿ ಹೊತ್ತು, ಹತ್ತಿ, ಇಳಿದು, ಮತ್ತೆ ಹೊತ್ತು ಸಾಗಿಸಬೇಕು. ಲಂಡನ್ ಹೊತ್ತ. ಆದರೆ ಆ ಟನ್‌ನಲ್ಲಿ ಇದ್ದದ್ದೇನು? ಹಿಟ್ಟು, ಒಣಗಿದ ಬೀನ್ಸ್, ಉಪ್ಪು ಹಾಕಿದ ಹಂದಿಮಾಂಸ. ಹೊಟ್ಟೆ ತುಂಬುತ್ತದೆ, ವಿಟಮಿನ್ ಸಿ ಮಾತ್ರ ಇಲ್ಲ. ಅದಿಲ್ಲದೆ ದೇಹ ಕೊಲಾಜೆನ್ ಎಂಬ ಅಂಟನ್ನು ಸರಿಯಾಗಿ ಹೆಣೆಯಲಾರದು. ಮೊದಲು ಸಡಿಲವಾಗುವುದು ಸಣ್ಣ ರಕ್ತನಾಳಗಳ ಗೋಡೆ. ವಸಡು ಊದಿ ರಕ್ತ ಒಸರುತ್ತದೆ, ಹಲ್ಲು ಅಲ್ಲಾಡುತ್ತದೆ, ಕೀಲು ಮಡಚಿಕೊಳ್ಳುತ್ತದೆ. ಎಂದೋ ಮಾಯ್ದ ಗಾಯವೂ ಬಾಯ್ಬಿಡಬಹುದು. ಇದೇ ಸ್ಕರ್ವಿ. ಗುಡಿಸಿಲಿನಲ್ಲಿ ಚಳಿಗಾಲ ಕಳೆದ ಲಂಡನ್‌ಗೆ ವಸಂತದ ಹೊತ್ತಿಗೆ ಬಲಗಾಲು ನೀಡಲು ಬರುತ್ತಿರಲಿಲ್ಲ. 1898ರ ಜೂನ್‌ನಲ್ಲಿ ಸಂಗಡಿಗರೊಂದಿಗೆ ಸಣ್ಣ ದೋಣಿಯಲ್ಲಿ ಯೂಕಾನ್ ನದಿಗುಂಟ ಸುಮಾರು 1,500 ಮೈಲು ತೇಲಿ ಸಮುದ್ರ ಸೇರಿದ. ದಾರಿಯಲ್ಲಿ ಆನ್ವಿಕ್ ಎಂಬಲ್ಲಿ ಯಾರೋ ಪುಣ್ಯಾತ್ಮರು ಹಸಿ ಆಲೂಗೆಡ್ಡೆಯನ್ನೂ ಒಂದು ಡಬ್ಬಿ ಟೊಮೆಟೊವನ್ನೂ ಕೊಟ್ಟರು. ಆ ನಾಡಿನಲ್ಲಿ ಅದಕ್ಕಿಂತ ದೊಡ್ಡ ಔಷಧ ಇರಲಿಲ್ಲ. ಆತ ಮನೆಗೆ ತಂದ ಚಿನ್ನದ ಬೆಲೆ ನಾಲ್ಕೂವರೆ ಡಾಲರ್.

ಆದರೆ ಆ ಚಳಿಯನ್ನು ಮೈಯಲ್ಲೇ ಹೊತ್ತು ತಂದಿದ್ದ. 1908ರಲ್ಲಿ ಪ್ರಕಟವಾದ ‘ಟು ಬಿಲ್ಡ್ ಎ ಫೈರ್’ ಕಥೆಯನ್ನು ನಾನು ಕಿರಿಯ ವೈದ್ಯರಿಗೆ ಓದಲು ಕೊಡುವುದುಂಟು. ಒಂಟಿ ಪಯಣಿಗನ ಬೆಂಕಿಯ ಮೇಲೆ ಮರದ ಹಿಮ ಬಿದ್ದು ಅದು ಆರಿಹೋಗುತ್ತದೆ. ಮತ್ತೆ ಹೊತ್ತಿಸೋಣವೆಂದರೆ ಬೆರಳುಗಳಿಗೆ ಕಡ್ಡಿ ಹಿಡಿಯುವ ಶಕ್ತಿಯಿಲ್ಲ. ಎಪ್ಪತ್ತು ಕಡ್ಡಿಗಳನ್ನೂ ಅಂಗೈಗಳ ನಡುವೆ ಒತ್ತಿ ಒಟ್ಟಿಗೇ ಗೀರುತ್ತಾನೆ. ತನ್ನ ಮಾಂಸ ಸುಡುತ್ತಿರುವುದು ಅವನಿಗೆ ಮೊದಲು ವಾಸನೆಯಿಂದ ಗೊತ್ತಾಗುತ್ತದೆ, ನೋವು ತಡವಾಗಿ ಬರುತ್ತದೆ. ಹೃದಯ, ಮಿದುಳನ್ನು ಉಳಿಸಿಕೊಳ್ಳಲು ದೇಹ ಕೈಕಾಲಿನ ರಕ್ತವನ್ನು ಒಳಕ್ಕೆ ಎಳೆದುಕೊಂಡಾಗ ಆಗುವುದು ಹೀಗೆಯೇ. ಇದೇ ಹೆಸರಿನ ಕಥೆಯನ್ನು 1902ರಲ್ಲಿ ಹುಡುಗರ ಪತ್ರಿಕೆಗೆ ಬರೆದಾಗ ನಾಯಕನನ್ನು ಬದುಕಿಸಿದ್ದ. ಎರಡನೆಯ ಸಲ ಬದುಕಿಸಲಿಲ್ಲ. ಎರಡನೆಯದೇ ನಿಜವಾದ ಕಥೆ ಎಂಬುದು ನನ್ನ ಅಭಿಪ್ರಾಯ.

ದಿನಕ್ಕೆ ಸಾವಿರ ಪದ, ತಪ್ಪದೆ. ಆ ಶಿಸ್ತಿನಿಂದಲೇ ಐವತ್ತರಷ್ಟು ಪುಸ್ತಕಗಳಾದವು. 1903ರ ‘ದಿ ಕಾಲ್ ಆಫ್ ದಿ ವೈಲ್ಡ್’ ಜಗತ್ತನ್ನೇ ಸುತ್ತಿತಾದರೂ ಅದರ ಪುಸ್ತಕದ ಹಕ್ಕನ್ನು ಎರಡು ಸಾವಿರ ಡಾಲರ್‌ಗೆ ಪೂರ್ತಿ ಮಾರಿಬಿಟ್ಟಿದ್ದ. ಬಂದ ಹಣ ನಿಲ್ಲುತ್ತಲೂ ಇರಲಿಲ್ಲ. ‘ಸ್ನಾರ್ಕ್’ ಎಂಬ ಹಾಯಿಹಡಗಿಗೆ ಏಳು ಸಾವಿರ ಸಾಕೆಂದು ಅಂದಾಜು ಮಾಡಿದವನು ಮೂವತ್ತು ಸಾವಿರ ಸುರಿದ. 1907ರ ಏಪ್ರಿಲ್‌ನಲ್ಲಿ ಹೆಂಡತಿ ಚಾರ್ಮಿಯನ್ ಜೊತೆ ಹೊರಟ. ಏಳು ವರ್ಷ ಭೂಮಿ ಸುತ್ತುವ ಯೋಜನೆ. ನೌಕಾಯಾನದ ಲೆಕ್ಕವನ್ನು ಪುಸ್ತಕ ನೋಡಿಕೊಂಡು ಹಡಗಿನಲ್ಲೇ ಕಲಿತ!

ಹಡಗಿನ ಡಾಕ್ಟರೂ ಅವನೇ. ನುಕು ಹಿವಾ ದ್ವೀಪದಲ್ಲಿ ಮುದುಕನೊಬ್ಬನ ಹಲ್ಲು ಕಿತ್ತ ಪ್ರಸಂಗವನ್ನು ತಾನೇ ಬರೆದಿದ್ದಾನೆ. ಇಕ್ಕಳ ಹಾಕಿದ್ದೇ ತಡ ಹಲ್ಲು ಸಲೀಸಾಗಿ ಬಂದುಬಿಟ್ಟಿತು. ಫೋಟೊ ತೆಗೆಯಲು ಚಾರ್ಮಿಯನ್‌ಗೆ ಸಮಯ ಸಿಗಲಿಲ್ಲ. ಆ ಹಲ್ಲನ್ನು ಅದೇ ಕುಳಿಯಲ್ಲಿಟ್ಟು ಮತ್ತೊಮ್ಮೆ ಕಿತ್ತ, ಕ್ಯಾಮೆರಾ ಕ್ಲಿಕ್ಕಿಸಿತು. ಇಂದು ಹೀಗೆ ಮಾಡಿದರೆ ನಮ್ಮ ಪರವಾನಗಿಯನ್ನು ಮೂಲೆಗಿಡಬೇಕಾಗುತ್ತದೆ.

ಸೊಲೊಮನ್ ದ್ವೀಪಗಳ ಹೊತ್ತಿಗೆ ನಗು ಉಡುಗಿತ್ತು. ಮಲೇರಿಯಾ ಬಂತು. ಜೊತೆಗೆ ಯಾಸ್ ಎಂಬ ವ್ರಣದ ರೋಗ. ಹುಣ್ಣಿಗೆ ಆತ ಹಚ್ಚಿದ್ದು ಮರ್ಕ್ಯುರಿಕ್ ಕ್ಲೋರೈಡ್, ಪಾದರಸದ ಲವಣ. ಇದನ್ನು ಓದಿದಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತದೆ. ಪಾದರಸ ಮೈಯೊಳಗೆ ಇಳಿದರೆ ಮೊದಲು ಹೊಡೆತ ಬೀಳುವ ಜಾಗಗಳಲ್ಲಿ ಕಿಡ್ನಿಯ ಸೂಕ್ಷ್ಮ ನಳಿಕೆಗಳೂ ಸೇರಿವೆ. ಭಸ್ಮ, ಗುಳಿಗೆ ಎಂದು ಗೊತ್ತುಗುರಿಯಿಲ್ಲದ ಪುಡಿ ತಿಂದು ಮೂತ್ರದಲ್ಲಿ ಪ್ರೋಟೀನ್ ಹರಿಸಿಕೊಂಡು ಬರುವವರನ್ನು ಈಗಲೂ ನೋಡುತ್ತೇನೆ. ಹಾಗೆಂದು ಲಂಡನ್‌ನ ವಿಷಯದಲ್ಲಿ ತಪ್ಪನ್ನೆಲ್ಲ ಪಾದರಸದ ತಲೆಗೆ ಕಟ್ಟಲಾರೆ. ವರ್ಷಗಟ್ಟಲೆ ಕುಡಿತ, ಬಿಡದ ಸಿಗರೇಟು ಎಲ್ಲವೂ ಲೆಕ್ಕಕ್ಕಿವೆ. 1908ರ ಕೊನೆಯಲ್ಲಿ ಫಿಸ್ಟುಲಾ ಎಂಬ ಕೊಳವೆಹುಣ್ಣಿನ ಶಸ್ತ್ರಚಿಕಿತ್ಸೆಗೆ ಸಿಡ್ನಿಯ ಆಸ್ಪತ್ರೆ ಸೇರಿದ. ಕೈಗಳು ಊದಿ ಚರ್ಮ ಪದರಪದರವಾಗಿ ಸುಲಿಯುತ್ತಿತ್ತು. ಏಳು ವರ್ಷದ ಯಾನ ಎರಡಕ್ಕೂ ಮುಟ್ಟಲಿಲ್ಲ.

ಆಮೇಲಿನದು ನನಗೆ ದಿನನಿತ್ಯದ ಪರಿಚಿತ ಕಥೆ. ಕ್ಯಾಲಿಫೋರ್ನಿಯಾದ ಗ್ಲೆನ್ ಎಲೆನ್‌ನ ತೋಟದ ಮನೆ, ಊದಿಕೊಂಡ ಕಾಲು, ಮತ್ತೆಮತ್ತೆ ಕಿಬ್ಬೊಟ್ಟೆಯ ನೋವು. 1913ರಲ್ಲಿ ಅಪೆಂಡಿಕ್ಸ್ ತೆಗೆಯುವಾಗಲೇ ಕಿಡ್ನಿ ಕೆಟ್ಟಿದೆಯೆಂಬ ಎಚ್ಚರಿಕೆ ಸಿಕ್ಕಿತ್ತು. ಪಥ್ಯ ಮಾಡೆಂದರೆ, ಅರೆಬೆಂದ ಕಾಡುಬಾತನ್ನು ದಿನಕ್ಕೆ ಎರಡರಂತೆ ತಿನ್ನುತ್ತಿದ್ದ. 1916ರ ನವೆಂಬರ್ 22ರ ಬೆಳಿಗ್ಗೆ ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದವನು ಸಂಜೆಗೆ ತೀರಿಕೊಂಡ. ಮರಣ ಪ್ರಮಾಣಪತ್ರದಲ್ಲಿರುವುದು ಯುರೇಮಿಯಾ, ಅಂದರೆ ಕಿಡ್ನಿ ಹೊರಹಾಕಬೇಕಾದ ಕಲ್ಮಶ ರಕ್ತದಲ್ಲೇ ಉಳಿದದ್ದು. ಕೋಣೆಯಲ್ಲಿ ಮಾರ್ಫಿನ್ ಸೀಸೆಗಳಿದ್ದವು. 1938ರ ಒಂದು ಜೀವನಚರಿತ್ರೆ ಅದನ್ನೇ ಹಿಡಿದು ಆತ್ಮಹತ್ಯೆಯ ಕಥೆ ಕಟ್ಟಿತು.

ಮಾರ್ಫಿನ್ ಆತ ನೋವಿಗೆ ತೆಗೆದುಕೊಳ್ಳುತ್ತಿದ್ದ ಔಷಧ. ಯಕೃತ್ತು ಅದನ್ನು ಮಾರ್ಪಡಿಸುತ್ತದೆ, ಹೊರಹಾಕಬೇಕಾದ್ದು ಕಿಡ್ನಿ. ಮಾರ್ಪಟ್ಟ ರೂಪಕ್ಕೂ ಮಂಪರು ತರಿಸುವ, ಉಸಿರಾಟ ಕುಗ್ಗಿಸುವ ಗುಣವಿದೆ. ಕಿಡ್ನಿ ಸೋತವನಲ್ಲಿ ಅದು ಒಳಗೇ ಜಮೆಯಾಗುತ್ತ ಹೋಗುತ್ತದೆ. ನಿನ್ನೆಯ ಡೋಸು ಇಳಿಯುವ ಮೊದಲೇ ಇಂದಿನದು ಸೇರುತ್ತದೆ. ಡಯಾಲಿಸಿಸ್ ರೋಗಿಗೆ ಮಾರ್ಫಿನ್ ಬರೆಯಲು ನಾವು ಇವತ್ತಿಗೂ ಹಿಂಜರಿಯುವುದು ಇದಕ್ಕೇ. ಸಾಯಬೇಕೆಂಬ ಇರಾದೆ ಇಲ್ಲದೆಯೂ, ನೋವು ತಾಳಲಾರದೆ ತೆಗೆದುಕೊಂಡ ಔಷಧ ಅವನ ಮೈಯಲ್ಲಿ ವಿಷವಾಗಬಲ್ಲದಾಗಿತ್ತು. ಅಂದು ಡಯಾಲಿಸಿಸ್ ಇರಲಿಲ್ಲ. ಕೋಲ್ಫ್ ಎಂಬ ಡಚ್ ವೈದ್ಯ ಮೊದಲ ಯಂತ್ರವನ್ನು ರೋಗಿಗೆ ಜೋಡಿಸಿದ್ದು 1943ರಲ್ಲಿ.

ಇಷ್ಟನ್ನೂ ಕಂತಿನಲ್ಲಿ ಕೇಳಿಸಿಕೊಂಡ ಮೇಷ್ಟ್ರು ಪುಸ್ತಕ ಮಡಚಿದರು. “ದಿನಕ್ಕೆ ಎರಡು ಬಾತು! ಹೇಳುವವರು ಯಾರೂ ಇರಲಿಲ್ಲವೇ ಅವನಿಗೆ?”

“ಹೇಳುವವರಿದ್ದರು. ಅದಿರಲಿ, ಮೈಯಲ್ಲಿ ನೀರು ನಿಂತು ಮೊನ್ನೆಗಿಂತ ನಿಮ್ಮ ತೂಕ ಮೂರು ಕಿಲೋ ಏರಿದೆಯಲ್ಲ ಮೇಷ್ಟ್ರೇ, ಮನೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ತೆರೆದಿದ್ದೀರೇನು?”

ಅವರು ಕಿಟಕಿಯ ಕಡೆ ತಿರುಗಿ ಮಲಗಿದರು.