ಸರಾಸರಿ ವಯಸ್ಸು ಎಂಬ ಗುಂಡಿ: ಕಿರಿಯರ ತಂಡ ಕಟ್ಟುವ ಪಾಠಕ್ಕೆ ನನ್ನ ಟಿಪ್ಪಣಿ

ಬಳ್ಳಾರಿಯಲ್ಲಿ ಬಿ.ಪಿ.ಎಡ್. (ದೈಹಿಕ ಶಿಕ್ಷಣ ಪದವಿ) ಓದುತ್ತಿದ್ದೇನೆ. ಆಂತರಿಕ ಪರೀಕ್ಷೆಯಲ್ಲಿ 'ರಾಷ್ಟ್ರೀಯ ಫುಟ್‌ಬಾಲ್ ತಂಡವನ್ನು ಕಿರಿಯ ಆಟಗಾರರಿಂದ ಮತ್ತೆ ಕಟ್ಟುವ ಬಗೆಯನ್ನು ವಿವರಿಸಿ' ಎಂದು ಕೇಳಿದ್ದರು. ಹತ್ತಕ್ಕೆ ನಾಲ್ಕು ಅಂಕ ಬಂತು. ಉಳಿದ ಆರನ್ನು ನುಂಗಿದ್ದು ಒಂದೇ ಲೆಕ್ಕ. ಆ ಸಿಟ್ಟು ಆರುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ.

ಜರ್ಮನಿಯ ಕತೆ ಎಲ್ಲರಿಗೂ ಬಾಯಿಪಾಠ. 2000ದ ಯೂರೋ ಕಪ್‌ನಲ್ಲಿ ಒಂದೇ ಅಂಕ ಪಡೆದು ಗುಂಪಿನ ಕೊನೆಗೆ ಬಿದ್ದರು. ರಕ್ಷಣೆಯಲ್ಲಿ ನಿಂತಿದ್ದ ಲೋಥರ್ ಮಥಾಯಸ್‌ಗೆ ಆಗ 39. ನಂತರ ಅಲ್ಲಿನ ಅಗ್ರ ಲೀಗ್ ಬುಂಡೆಸ್‌ಲಿಗಾದ ಕ್ಲಬ್‌ಗಳಿಗೆ ಯುವ ಅಕಾಡೆಮಿ ಕಡ್ಡಾಯವಾಯಿತು. 2009ರಲ್ಲಿ 21ರೊಳಗಿನವರ ಯೂರೋ ಗೆದ್ದ ನೊಯರ್, ಹುಮ್ಮೆಲ್ಸ್, ಓಜಿಲ್, ಖೆದಿರಾ ಮೊದಲಾದ ಆರು ಮಂದಿ 2014ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಇಷ್ಟು ಬರೆದರೆ ನಾಲ್ಕು ಅಂಕ ಖಾತ್ರಿ. ನನಗೂ ಸಿಕ್ಕಿದ್ದು ಅಷ್ಟೇ.

ಇನ್ನು ಆ ಲೆಕ್ಕ. 2014ರ ಫೈನಲ್‌ನ 88ನೇ ನಿಮಿಷದಲ್ಲಿ 36ರ ಮಿರೊಸ್ಲಾವ್ ಕ್ಲೋಸ ಹೊರಬಂದರು, 22ರ ಮಾರಿಯೊ ಗೋಟ್ಜ ಒಳಹೋದರು. 113ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದದ್ದು ಇದೇ ಗೋಟ್ಜ. ತಂಡ ಎಷ್ಟು ಕಿರಿಯದು ಎಂದು ತೋರಿಸಲು ಸರಾಸರಿ ವಯಸ್ಸು ಬೇಕು. ಇವರಿಬ್ಬರೂ ಆಡಿದ ಆ ಒಂದು ಜಾಗದ ಸರಾಸರಿ ವಯಸ್ಸು ಎಷ್ಟು? ನಾನು 36ಕ್ಕೆ 22 ಕೂಡಿಸಿ, ಎರಡರಿಂದ ಭಾಗಿಸಿ, 29 ಎಂದು ಬರೆದೆ. ತಪ್ಪು.

ಏಕೆ ತಪ್ಪೆಂದು ಎರಡು ದಿನ ತಲೆಗೆ ಹೋಗಲಿಲ್ಲ. ಬಿಡಿಸಿ ಹೇಳಿದ್ದು ಜೀನ್ಸ್ ಘಟಕದಲ್ಲಿ ಹೊಲಿಯುವ ನಮ್ಮ ಚಿಕ್ಕಮ್ಮ. "ಹಾಜರಿ ಪುಸ್ತಕದಲ್ಲಿ ಎಷ್ಟು ಹುಡುಗರ ಹೆಸರಿದ್ದರೇನಪ್ಪಾ? ಯಾರು ಎಷ್ಟು ಪೀಸು ಹೊಲಿದರು ಎಂಬುದನ್ನು ನೋಡಿಯಲ್ಲವೇ ಶನಿವಾರ ದುಡ್ಡು ಕೊಡುವುದು?" ಎಂದರು. ಅಷ್ಟೇ ವಿಷಯ. ಇಲ್ಲಿ ಪೀಸು ಎಂದರೆ ನಿಮಿಷ. ಹೆಚ್ಚುವರಿ ಸಮಯವೂ ಸೇರಿ ಪಂದ್ಯ ನಡೆದದ್ದು 120 ನಿಮಿಷ. ಕ್ಲೋಸ ಆಡಿದ್ದು 88 ನಿಮಿಷ, ಗೋಟ್ಜ 32. ಒಬ್ಬೊಬ್ಬರ ವಯಸ್ಸನ್ನು ಅವರವರ ನಿಮಿಷಗಳಿಂದ ಗುಣಿಸಬೇಕು: 3168 ಮತ್ತು 704. ಎರಡನ್ನೂ ಕೂಡಿ 120ರಿಂದ ಭಾಗಿಸಿದರೆ 32 ಚಿಲ್ಲರೆ ಬರುತ್ತದೆ. ಇನ್ನೂ ಅನುಮಾನವಿದ್ದರೆ, ಗೋಟ್ಜ 118ನೇ ನಿಮಿಷದಲ್ಲಿ ಬಂದಿದ್ದರು ಎಂದುಕೊಳ್ಳಿ. ನನ್ನ ಹಳೆಯ ಲೆಕ್ಕ ಆಗಲೂ 29 ಎಂದೇ ಹೇಳುತ್ತದೆ, ಸರಿಯಾದ ಲೆಕ್ಕ ಸುಮಾರು 35.8. ಬೆಂಚಿನ ಮೇಲೆ ಐದು ಹುಡುಗರನ್ನು ಕೂರಿಸಿ 'ನಮ್ಮದು ಯುವ ತಂಡ' ಎಂದು ಎದೆ ತಟ್ಟಿಕೊಳ್ಳುವವರ ಗುಟ್ಟೆಲ್ಲ ಈ ವ್ಯತ್ಯಾಸದಲ್ಲಿದೆ.

ಇದು ತಿಳಿದರೆ ಭಾರತದ ಕತೆಯೂ ಬಿಡಿಸಿಕೊಳ್ಳುತ್ತದೆ. ಸುನಿಲ್ ಛೆಟ್ರಿ 94 ಗೋಲುಗಳೊಂದಿಗೆ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ವಿದಾಯ ಹೇಳಿದರು. 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೆ ಕರೆ ಬಂತು. ಮಾಲ್ಡೀವ್ಸ್ ಮೇಲೆ ಗೋಲನ್ನೂ ಹೊಡೆದರು. ಹುಡುಗರಿಲ್ಲದೆ ಹೀಗಾಯಿತೇ? ಅಲ್ಲ, ಹುಡುಗರಿಗೆ ನಿಮಿಷಗಳಿರಲಿಲ್ಲ. ರಾಷ್ಟ್ರೀಯ ತಂಡಕ್ಕೆ ವರ್ಷಕ್ಕೆ ಸಿಗುವುದು ಕೆಲವೇ ಪಂದ್ಯ. ನಿಮಿಷಗಳು ಹುಟ್ಟುವುದು ಕ್ಲಬ್ಬಿನಲ್ಲಿ. ನಮ್ಮ ದೇಶದ ಕ್ಲಬ್‌ಗಳ ಲೀಗ್ ಆದ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಗೋಲು ಹೊಡೆಯುವ ಜಾಗಕ್ಕೆ ಹೆಚ್ಚಿನ ಕ್ಲಬ್‌ಗಳು ವಿದೇಶಿಯರನ್ನೇ ನೆಚ್ಚಿಕೊಂಡಿವೆ. ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ ಬೆಂಗಳೂರು ಎಫ್‌ಸಿಯ ಎಳೆಯರು ತರಬೇತಿ ಪಡೆದಿದ್ದಾರೆ. ಆದರೆ ಅಕಾಡೆಮಿಯ ಹಾಸ್ಟೆಲಿನಿಂದ ಲೀಗಿನ ಮೈದಾನದವರೆಗಿನ ದಾರಿಯೇ ಉದ್ದ.

ಹಿರಿಯರನ್ನು ಒಟ್ಟಿಗೇ ಕಳಿಸಬಾರದು ಎನ್ನುವುದಕ್ಕೆ ಎರಡು ಉದಾಹರಣೆ ಸಾಕು. 2019ರಲ್ಲಿ ಜರ್ಮನಿಯ ತರಬೇತುದಾರ ಯೋಆಖಿಮ್ ಲೋವ್ ಅವರು ಮುಲ್ಲರ್, ಹುಮ್ಮೆಲ್ಸ್, ಬೊವಾಟೆಂಗ್ ಮೂವರನ್ನೂ ಒಂದೇ ಏಟಿಗೆ ಕೈಬಿಟ್ಟರು. 2021ರಲ್ಲಿ ಮೊದಲ ಇಬ್ಬರನ್ನು ವಾಪಸು ಕರೆಸಿಕೊಂಡರು. 2024ರ ಯೂರೋ ಗೆದ್ದ ಸ್ಪೇನ್ ತಂಡದಲ್ಲಾದರೋ ಫೈನಲ್‌ನ ಹಿಂದಿನ ದಿನವಷ್ಟೇ 17 ತುಂಬಿದ ಲಮೀನ್ ಯಮಾಲ್ ಜೊತೆ 38ರ ಹೇಸುಸ್ ನವಾಸ್ ಇದ್ದರು.

ಇಷ್ಟಕ್ಕೂ ಈ ಲೆಕ್ಕ ನಿಲ್ಲಬೇಕಾದರೆ ವಯಸ್ಸು ನಿಜವಿರಬೇಕಲ್ಲ! ನಮ್ಮ ಅಜ್ಜ ಮತ್ತು ಅವರ ತಮ್ಮಂದಿರಿಬ್ಬರೂ ಶಾಲೆಯ ದಾಖಲೆಯ ಪ್ರಕಾರ ಹುಟ್ಟಿದ್ದು ಜೂನ್ 1ರಂದೇ, ಮೇಷ್ಟ್ರ ಕೃಪೆ. ಇಂಥ ದಾಖಲೆಗಳನ್ನಷ್ಟೇ ನಂಬಲಾಗದೆ ಫಿಫಾ 2009ರಿಂದ 17ರೊಳಗಿನವರ ವಿಶ್ವಕಪ್‌ನಲ್ಲಿ ಹುಡುಗರ ಮಣಿಕಟ್ಟಿನ ಎಂಆರ್‌ಐ ತೆಗೆಸಿ, ಮೂಳೆಯ ಬೆಳವಣಿಗೆ ನೋಡುತ್ತದೆ. ಇದನ್ನು ಓದಿ ಹೇಳಿದಾಗ ಅಜ್ಜ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಹಾಕಿ, ತಮ್ಮ ಮಣಿಕಟ್ಟನ್ನೊಮ್ಮೆ ತಿರುಗಿಸಿ ನೋಡಿಕೊಂಡರು.