ಕಾದ ಎಂಜಿನ್, ಒಂದು ಬಕೆಟ್, ಒಂದು ಥರ್ಮಾಮೀಟರ್

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೋ ಮಂಗಳೂರಿನಲ್ಲೋ ಆ 61 ದಿನ ನೀರಿನಲ್ಲೇ ಕಟ್ಟಿ ನಿಲ್ಲಿಸಿದ ಬೋಟು ಆಗಸ್ಟ್‌ನಲ್ಲಿ ಹೊರಟು, ದಡ ಮರೆಯಾಗುವ ಹೊತ್ತಿಗೆ ತಾಪದ ಮುಳ್ಳು ಕೆಂಪಿನತ್ತ ಏರತೊಡಗಿತು ಎಂದುಕೊಳ್ಳಿ. ಲಾರಿಯಾಗಿದ್ದರೆ ರಸ್ತೆ ಬದಿಯಲ್ಲಿ ನಿಲ್ಲಿಸಬಹುದಿತ್ತು. ಕಡಲಿನಲ್ಲಿ ಎಂಜಿನ್ ನಿಂತರೆ ಬೋಟಿನ ಮೂತಿಯನ್ನು ಅಲೆಗೆ ಎದುರಾಗಿ ಹಿಡಿಯುವುದೂ ಕಷ್ಟ. ಹಾಗಾಗಿ ಈ ಮುಳ್ಳು ಏಕೆ ಏರುತ್ತದೆ ಎಂಬುದು ದುರಸ್ತಿಯ ಖರ್ಚಿಗಷ್ಟೇ ಸಂಬಂಧಿಸಿದ್ದಲ್ಲ, ಬೋಟಿನಲ್ಲಿರುವವರ ಪ್ರಾಣಕ್ಕೂ ಸಂಬಂಧಿಸಿದ್ದು.

ಮೊದಲು ಶಾಖದ ಲೆಕ್ಕ ನೋಡೋಣ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದೆ. ಗಂಟೆಗೆ 20 ಲೀಟರ್ ಸುಡುವ ಎಂಜಿನ್ ಎಂದರೆ 200 ಕಿಲೋವಾಟ್ ಶಾಖ. ಅದರಲ್ಲಿ 75 ಕಿಲೋವಾಟ್, ಅಂದರೆ ಸುಮಾರು 100 ಅಶ್ವಶಕ್ತಿ, ಬೋಟಿನ ಪಂಕವನ್ನು, ಅಂದರೆ ಪ್ರೊಪೆಲ್ಲರನ್ನು, ತಿರುಗಿಸುತ್ತದೆ. ಉಳಿದದ್ದರಲ್ಲಿ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಸುಮಾರು 50 ಕಿಲೋವಾಟ್‌ನಷ್ಟನ್ನು ತಂಪು ಮಾಡುವ ನೀರೇ ಹೊತ್ತೊಯ್ಯಬೇಕು. ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ. ಪಿಸ್ಟನ್ ಕರಗದೆ ಉಳಿದಿರುವುದು ಶಾಖ ನಿಲ್ಲದೆ ಹರಿದು ಹೋಗುತ್ತಿರುವುದರಿಂದ.

ಆ ಹರಿವಿಗೆ ಬಹಳಷ್ಟು ಬೋಟುಗಳಲ್ಲಿ ಎರಡು ದಾರಿಗಳಿವೆ. ಎಂಜಿನ್ನಿನೊಳಗೆ ಸುತ್ತುವುದು ಸಿಹಿನೀರು ಅಥವಾ ಕೂಲಂಟ್. ಅದು ಹೀಟ್ ಎಕ್ಸ್‌ಚೇಂಜರ್‌ಗೆ ಬಂದು ತನ್ನ ಶಾಖವನ್ನು ಸಣ್ಣ ಕೊಳವೆಗಳ ಗೋಡೆಯ ಮೂಲಕ ಉಪ್ಪುನೀರಿಗೆ ಕೊಡುತ್ತದೆ. ಉಪ್ಪುನೀರು ಬೋಟಿನ ತಳದ ರಂಧ್ರದಿಂದ ಒಳಬಂದು, ವಾಲ್ವ್ ದಾಟಿ, ಕಸ ಹಿಡಿಯುವ ಸ್ಟ್ರೈನರ್ ದಾಟಿ, ಪಂಪಿನ ಮೂಲಕ ಎಕ್ಸ್‌ಚೇಂಜರ್ ಹೊಕ್ಕು ಹೊರಗೆ ಬೀಳುತ್ತದೆ. ಎರಡು ನೀರೂ ಒಂದಕ್ಕೊಂದು ಬೆರೆಯುವುದಿಲ್ಲ. ದೋಷ ಒಳಗಿನ ಸುತ್ತಿನಲ್ಲಿದೆಯೋ ಹೊರಗಿನದರಲ್ಲಿಯೋ, ಇಲ್ಲವೇ ಎಂಜಿನ್ನೇ ತನ್ನ ಶಕ್ತಿಗೆ ಮೀರಿ ದುಡಿಯುತ್ತಿದೆಯೋ? ಯಾವ ಭಾಗವನ್ನೂ ಬಿಚ್ಚುವ ಮೊದಲೇ ಇದಕ್ಕೆ ಉತ್ತರ ಸಿಗುತ್ತದೆ. ಆದರೂ ಒಂದೊಂದೇ ಭಾಗ ಬದಲಾಯಿಸುತ್ತಾ ಹೋಗುವವರೇ ಹೆಚ್ಚು ಎಂಬುದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ.

ಉತ್ತರಕ್ಕೆ ಬೇಕಾದದ್ದು ಬಕೆಟ್ ಮತ್ತು ಗುರಿಯಿಟ್ಟರೆ ತಾಪ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್. ಹೊಳೆಯುವ ಹಿತ್ತಾಳೆ, ಸ್ಟೀಲಿನ ಮೇಲೆ ಈ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗದಲ್ಲಿ ಕಪ್ಪು ಟೇಪಿನ ತುಂಡು ಅಂಟಿಸಿಕೊಳ್ಳಬೇಕು. ಮೊದಲ ಅಳತೆ ಥರ್ಮೋಸ್ಟಾಟ್, ಅಂದರೆ ಒಳಗಿನ ನೀರು ಬಿಸಿಯಾದಾಗ ತಾನೇ ತೆರೆದುಕೊಳ್ಳುವ ವಾಲ್ವ್, ಕೂತಿರುವ ಜಾಗದ ಮೇಲೆ. ಎಂಜಿನ್ ನಿಜವಾಗಿ ಕಾದಿದೆಯೋ, ಸೆನ್ಸರೋ ವೈರೋ ಕೆಟ್ಟು ಮುಳ್ಳು ಸುಳ್ಳು ಹೇಳುತ್ತಿದೆಯೋ ತಿಳಿಯುತ್ತದೆ. ಸುಳ್ಳು ತಿರುಗಾಮುರುಗಾ ಆಗುವುದೂ ಉಂಟು. ಒಳಗಿನ ನೀರು ಸೋರಿ ಸೆನ್ಸರ್ ಬರಿಯ ಆವಿಯಲ್ಲಿ ನಿಂತಿದ್ದರೆ, ಎಂಜಿನ್ ಬೇಯುತ್ತಿರುವಾಗಲೂ ಮುಳ್ಳು ಸುಮ್ಮನೆ ಕೂತಿರಬಹುದು.

ಆಮೇಲೆ ಉಪ್ಪುನೀರು ಎಕ್ಸ್‌ಚೇಂಜರನ್ನು ಹೊಕ್ಕುವಲ್ಲಿ ಒಂದು ಅಳತೆ, ಹೊರಡುವಲ್ಲಿ ಇನ್ನೊಂದು. ಸೆಕೆಂಡಿಗೆ ಒಂದು ಲೀಟರ್ ಹರಿಯುತ್ತಿದ್ದರೆ 50 ಕಿಲೋವಾಟ್ ಶಾಖ ಆ ನೀರನ್ನು ಸುಮಾರು 12 ಡಿಗ್ರಿ ಬಿಸಿ ಮಾಡುತ್ತದೆ. 29 ಡಿಗ್ರಿಯಲ್ಲಿ ಒಳಬಂದದ್ದು 41ರಲ್ಲಿ ಹೊರಹೋಗುತ್ತದೆ. ಹರಿವು ಅರ್ಧಕ್ಕಿಳಿದರೆ ಅಂತರ 24 ಡಿಗ್ರಿಗೆ ಏರುತ್ತದೆ. ಅಂತರ ದೊಡ್ಡದಾಗಿದ್ದರೆ ನೀರು ಸಾಕಾಗುತ್ತಿಲ್ಲ. ಎಂಜಿನ್ ಸುಡುತ್ತಿದ್ದೂ ಅಂತರ ಸಣ್ಣದಾಗಿದ್ದರೆ, ನೀರು ಬೇಕಾದಷ್ಟಿದೆ, ಶಾಖ ಮಾತ್ರ ಅದನ್ನು ತಲುಪುತ್ತಿಲ್ಲ. ಹೊರಬೀಳುವ ನೀರನ್ನು ಬಕೆಟ್ಟಿಗೆ ಹಿಡಿದು, ತುಂಬಲು ಹಿಡಿದ ಸೆಕೆಂಡುಗಳನ್ನು ಎಣಿಸಿದರೆ ಹರಿವೂ ಗೊತ್ತಾಯಿತು. ಬಕೆಟ್ ಚೆನ್ನಾಗಿ ತುಂಬುತ್ತಿದ್ದೂ ಅಂತರ ಹೆಚ್ಚಿದ್ದರೆ, ಹುಟ್ಟುತ್ತಿರುವ ಶಾಖವೇ ಹೆಚ್ಚು.

ನೀರು ಕಡಿಮೆಯಾಗುವ ಕಾರಣಗಳಲ್ಲಿ ಕಡಲಿನದೇ ಕೈ ದೊಡ್ಡದು. ಎರಡು ತಿಂಗಳು ಕಟ್ಟಿ ನಿಂತ ಬೋಟಿನ ತಳದ ರಂಧ್ರದಲ್ಲಿ ಬಾರ್ನಕಲ್ ಮತ್ತು ಪಚ್ಚಿಲೆ ಎಂಬ ಚಿಪ್ಪುಜೀವಿಗಳ ಮರಿಗಳು ಮನೆ ಮಾಡುತ್ತವೆ. ಪ್ಲಾಸ್ಟಿಕ್ ಚೀಲ ರಂಧ್ರವನ್ನು ಮುಚ್ಚುತ್ತದೆ; ಎಂಜಿನ್ ನಿಲ್ಲಿಸಿದೊಡನೆ ಎಳೆತ ತಪ್ಪಿ ತಾನೇ ಕಳಚಿಕೊಳ್ಳುವುದರಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಲೋಳೆಮೀನುಗಳ ಹಿಂಡಿನ ನಡುವೆ ಹೋದರೆ ಸ್ಟ್ರೈನರ್ ತುಂಬಿಕೊಳ್ಳುತ್ತದೆ. ಅದರ ಮುಚ್ಚಳದ ರಬ್ಬರ್ ಬಳೆ ಒಣಗಿ ಬಿರಿದಿದ್ದರೆ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಅಲ್ಲಿ ನೀರು ಸೋರುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳದು.

ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲ್ಲರ್‌ಗೆ ರಬ್ಬರಿನ ರೆಕ್ಕೆಗಳು. ಗೋಡೆಗೆ ಉಜ್ಜಿಕೊಂಡು ಬಾಗುತ್ತಾ, ನೆಟ್ಟಗಾಗುತ್ತಾ ನೀರನ್ನು ತಳ್ಳುವ ಅವುಗಳಿಗೆ ಆ ನೀರೇ ಎಣ್ಣೆಯಿದ್ದ ಹಾಗೆ. ತಳದ ವಾಲ್ವ್ ತೆರೆಯಲು ಮರೆತು ಎಂಜಿನ್ ಓಡಿಸಿದರೆ ನಿಮಿಷಗಳಲ್ಲೇ ರಬ್ಬರ್ ಸುಟ್ಟು ಹರಿಯುತ್ತದೆ. ಹೊಸ ಇಂಪೆಲ್ಲರ್ ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡು ತಪ್ಪುವುದು ಇಲ್ಲಿಯೇ. ಹಳೆಯದರ ಎಷ್ಟು ರೆಕ್ಕೆಗಳು ಕಾಣೆಯಾಗಿವೆಯೋ ಅಷ್ಟೂ ತುಂಡುಗಳು ಮುಂದೆ ಎಲ್ಲೋ, ಹೆಚ್ಚಾಗಿ ಎಕ್ಸ್‌ಚೇಂಜರಿನ ಬಾಯಲ್ಲಿ, ಸಿಕ್ಕಿಕೊಂಡಿರುತ್ತವೆ. ಅವುಗಳನ್ನೆಲ್ಲ ಹುಡುಕಿ ತೆಗೆದು, ಜೋಡಿಸಿ ಲೆಕ್ಕ ಸರಿಯಾಗುವವರೆಗೆ ಬಿಡಬಾರದು.

ಶಾಖ ತಲುಪದಿರುವುದಕ್ಕೆ ಮುಖ್ಯ ಕಾರಣ ಕೊಳವೆಗಳೊಳಗಿನ ಹರಳು. ಸಕ್ಕರೆಯೂ ಉಪ್ಪೂ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ಏರಿದಂತೆ ಕಡಿಮೆ ಕರಗುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಹಂಡೆಗೆ ಬಿಳಿ ಪದರ ಕಟ್ಟುವಂತೆಯೇ ಅದು ಬಿಸಿ ಲೋಹದ ಮೇಲೆ ಕೂರುತ್ತದೆ. ಪದರ ಶಾಖವನ್ನು ತಡೆಯುತ್ತದೆ, ಲೋಹ ಇನ್ನಷ್ಟು ಕಾಯುತ್ತದೆ, ಪದರ ಇನ್ನಷ್ಟು ದಪ್ಪವಾಗುತ್ತದೆ. ತುಕ್ಕಿನಿಂದ ಎಕ್ಸ್‌ಚೇಂಜರನ್ನು ಕಾಯಲು ಹಾಕಿದ ಸತುವಿನ ಕಡ್ಡಿ ಸವೆದು ಮುರಿದು, ಅದರ ಚೂರುಗಳೇ ಕೊಳವೆಗೆ ಬಿರಡೆಯಾಗುವುದೂ ಉಂಟು.

ಒಳಸುತ್ತಿನಲ್ಲಿ ಕೂಲಂಟ್ ಕಡಿಮೆಯಿರಬಹುದು, ಬೆಲ್ಟ್ ಸಡಿಲವಿರಬಹುದು, ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು. ಥರ್ಮೋಸ್ಟಾಟನ್ನು ಕಿತ್ತೆಸೆದು ಓಡಿಸುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹಲವು ಎಂಜಿನ್‌ಗಳಲ್ಲಿ ಅದು ತೆರೆದುಕೊಳ್ಳುವಾಗ ಎಕ್ಸ್‌ಚೇಂಜರನ್ನು ಹೊಕ್ಕದೆ ಸುತ್ತಿ ಹೋಗುವ ಅಡ್ಡದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಭಾಗ ತಂಪಾಗದೆಯೇ ಎಂಜಿನ್ನಿಗೆ ಮರಳುತ್ತದೆ. ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ, ಅದರ ಮೇಲೆ ಕೆತ್ತಿರುವ ತಾಪಕ್ಕೆ ಬಾಯಿ ಬಿಡುತ್ತದೆಯೇ ನೋಡಿದರೆ ಸಾಕು.

ಇನ್ನು ಶಾಖವೇ ಹೆಚ್ಚಾದ ಪ್ರಕರಣ. ಪಂಕಕ್ಕೆ ಬಲೆಯ ತುಂಡು ಸುತ್ತಿದೆ, ಅಥವಾ ತಳಕ್ಕೆಲ್ಲ ಚಿಪ್ಪು ಕಟ್ಟಿ ಬೋಟು ನೀರಿನಲ್ಲಿ ಎಳೆಯುತ್ತಿದೆ. ಕಪ್ಪು ಹೊಗೆ ಬರುತ್ತದೆ, ಪೂರ್ತಿ ಥ್ರಾಟಲ್ ಕೊಟ್ಟರೂ ಎಂಜಿನ್ ತನ್ನ ಗರಿಷ್ಠ ಸುತ್ತುಗಳನ್ನು ಮುಟ್ಟುವುದಿಲ್ಲ. ಈ ಎರಡು ಕಂಡರೆ ಈಜುವವರೊಬ್ಬರು ತಳ ನೋಡಿ ಬರಬೇಕು, ಎಂಜಿನ್ ನಿಲ್ಲಿಸಿದ ಮೇಲೆ.

ಮುಳ್ಳು ಏರಿದ ಗಳಿಗೆಯಲ್ಲಿ ಮಾಡಬೇಕಾದದ್ದು: ಗೇರ್ ನ್ಯೂಟ್ರಲ್‌ಗೆ, ಥ್ರಾಟಲ್ ಕೆಳಗೆ, ಕಣ್ಣು ಹೊರಬೀಳುವ ನೀರಿನ ಮೇಲೆ. ನೀರು ಬರುತ್ತಿದ್ದು, ಕೂಲಂಟ್ ಸೋರುವ ಗುರುತಿಲ್ಲದೆ, ಆಯಿಲ್ ಒತ್ತಡವೂ ಸರಿಯಿದ್ದರೆ ಕೆಲವು ನಿಮಿಷ ಹಾಗೇ ಓಡಿ ತಣಿಯಲಿ, ಇಲ್ಲದಿದ್ದರೆ ಆಫ್. ಎಂಜಿನ್ ತಣಿಯುವ ಮುನ್ನ ಕೂಲಂಟ್ ಮುಚ್ಚಳ ತೆಗೆಯಬಾರದು. ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ದ್ರವವಾಗಿದ್ದ ನೀರು ತೆರೆದ ತಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿನೊಳಗೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರುಕು ಬಿಡಬಹುದು. ತಣಿದ ಮೇಲೆ ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣ ಕಂಡರೆ, ಅಥವಾ ಮತ್ತೆ ಚಾಲೂ ಮಾಡಿದಾಗ ಕೂಲಂಟ್ ಡಬ್ಬಿಯಲ್ಲಿ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳ ಮುಚ್ಚಳವಾದ ಹೆಡ್ಡಿನ ಕೆಳಗೆ ಸೋರದಂತೆ ಇಟ್ಟ ತೆಳು ಪದರ, ಹೋಗಿರುವ ಸಾಧ್ಯತೆ ಹೆಚ್ಚು. ಆಗ ಗ್ಯಾಸ್ಕೆಟ್ ಬದಲಿಸುವುದಕ್ಕೆ ಮೊದಲು ಹೆಡ್ ಸೊಟ್ಟಗಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ಪರೀಕ್ಷಿಸಬೇಕು. ಸೊಟ್ಟ ಹೆಡ್ಡಿನ ಕೆಳಗೆ ಹೊಸ ಗ್ಯಾಸ್ಕೆಟ್ ಹೆಚ್ಚು ದಿನ ಬಾಳುವುದಿಲ್ಲ.