ಧಾರವಾಡದಾಗ ನಾನು, ಹಳ್ಳಿಯಾಗ ಅಪ್ಪ: ಯಾವ ಸಿಮ್ ತಗೋಬೇಕ್ರಿ?

ಪ್ರಶ್ನೆ: ನಾನು ಧಾರವಾಡದಾಗ ರೂಮ್ ಮಾಡ್ಕೊಂಡು ಓದಾಕತ್ತೇನ್ರಿ. ಅಪ್ಪ ಅವ್ವ ಮುಂಡರಗಿ ಕಡೆ ಹಳ್ಳಿಯಾಗ ಅದಾರ, ಅಪ್ಪನ ಕಡೆ ಕೀಪ್ಯಾಡ್ ಫೋನ್. ಮನಿ ಒಳಗ ನೆಟ್‌ವರ್ಕ್ ಸಿಗಂಗಿಲ್ಲ, ರೀಚಾರ್ಜೂ ತುಟ್ಟಿ ಆಗೈತಿ. ಇಬ್ಬರಿಗೂ ಒಂದ ಕಂಪನಿ ಸಿಮ್ ತಗೊಂಡ್ರ ಚಲೋನ?

ಉತ್ತರ: ಒಂದ ಕಂಪನಿ ಇರಬೇಕಂತ ಏನಿಲ್ರಿ. ಈಗ ಅನ್‌ಲಿಮಿಟೆಡ್ ಪ್ಯಾಕ್ ಹಾಕಿದ್ರ ಯಾವ ಕಂಪನಿ ನಂಬರಿಗೆ ಹಚ್ಚಿದ್ರೂ ಕಾಲ್ ಫ್ರೀನ ಇರ್ತೈತಿ, ಹಂಗಾಗಿ ನಿಮ್ಮದು ನಿಮಗ, ಅಪ್ಪಾರದು ಅಪ್ಪಾರಿಗೆ ಬ್ಯಾರೆ ಬ್ಯಾರೆ ನೋಡ್ರಿ. ಮತ್ತ ಪ್ಲಾನ್ ಆಮ್ಯಾಲ, ಮೊದಲ ಸಿಗ್ನಲ್. ಫೋನ್ ದಿನಾ ಹೆಚ್ಚು ಹೊತ್ತು ಎಲ್ಲಿ ಇರ್ತೈತಿ, ಅಲ್ಲಿ ಯಾವ ಕಂಪನಿ ಸಿಗ್ತೈತಿ ಅನ್ನೋದ ಮುಖ್ಯ.

ಅಪ್ಪಾರ ವಿಷಯದಾಗ ಇದನ್ನ ಇನ್ನೂ ಗಟ್ಟಿಯಾಗಿ ಹೇಳ್ತೇನಿ. ಕಪ್ಪತಗುಡ್ಡದ ಕಡೆ ಊರಾಗ ಗುಡ್ಡ ಅಡ್ಡ ಬಂದ್ರ ಟವರ್ ಹತ್ರ ಇದ್ರೂ ಸಿಗ್ನಲ್ ಬೀಳಂಗಿಲ್ಲ, ಅದರ ಮ್ಯಾಲ ದಪ್ಪ ಮಣ್ಣಿನ ಗ್ವಾಡಿ ಇದ್ರಂತೂ ಅಂಗಳದಾಗ ಮೂರು ಕಡ್ಡಿ ತೋರಿಸಿದ್ದು ಪಡಸಾಲಿಗೆ ಬರೋದ್ರಾಗ ಹೋಗಿಬಿಡ್ತೈತಿ. ಕಂಪನಿಯವರು ತಮ್ಮ ವೆಬ್‌ಸೈಟಿನಾಗ ಕವರೇಜ್ ಮ್ಯಾಪ್ ಹಾಕಿರ್ತಾರ, ನೋಡ್ರಿ, ಆದ್ರ ಅದು ನಿಮ್ಮ ಅಡಗಿಮನಿ ಒಳಗಿಂದು ಹೇಳಂಗಿಲ್ಲ. ಅದಕ್ಕ ಬಾಜೂ ಮನಿಯವರ ಫೋನು, ಓಣಿಯವರ ಫೋನು ಇಸ್ಕೊಂಡು ನಿಮ್ಮ ಮನಿ ಒಳಗ, ಹೊಲದಾಗ ಕಾಲ್ ಮಾಡಿ ನೋಡ್ರಿ, ಅದೂ ರಾತ್ರಿ ಊಟದ ಹೊತ್ತಿಗೆ, ಯಾಕಂದ್ರ ಎಲ್ಲಾರೂ ವಿಡಿಯೋ ಹಚ್ಕೊಂಡು ಕುಂತಿರ್ತಾರ, ಟವರ್ ಮ್ಯಾಲ ಲೋಡ್ ಬಿದ್ದಾಗ ಖರೇ ಬಣ್ಣ ಗೊತ್ತಾಗ್ತೈತಿ. ಆಂಡ್ರಾಯ್ಡ್ ಫೋನಾಗ ಸೆಟ್ಟಿಂಗ್ಸ್‌ಗೆ ಹೋಗಿ ಸಿಮ್ ಸ್ಟೇಟಸ್ ತಗದ್ರ ಸಿಗ್ನಲ್ ಎಷ್ಟು ಗಟ್ಟಿ ಐತಿ ಅನ್ನೋದು ಡಿಬಿಎಂ ಅಂತ ಮೈನಸ್ ನಂಬರಿನಾಗ ಕಾಣ್ತೈತಿ. 4ಜಿ ಸಿಮ್ಮಿಗೆ ಮೈನಸ್ 90ರ ಆಸುಪಾಸು ಇದ್ರ ಚಲೋ, ಮೈನಸ್ 115 ದಾಟಿದ್ರ ಕಷ್ಟ.

ಇನ್ನೊಂದು, ಕೀಪ್ಯಾಡ್ ಫೋನ್ ಅಂದ್ರಿ. ಜಿಯೋಗೆ 2ಜಿ ನೆಟ್‌ವರ್ಕ್ ಇಲ್ಲ, ಹಳೇ 2ಜಿ ಹ್ಯಾಂಡ್‌ಸೆಟ್ಟಿನಾಗ ಅದರ ಸಿಮ್ ನಡಿಯಂಗಿಲ್ಲ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಮೂರರಾಗ ಮನಿ ಒಳಗ ಯಾವುದು ಸಿಗ್ತೈತೋ ಅದು ತಗೋರಿ.

ಅಪ್ಪಾರಿಗೆ ಡೇಟಾ ಪ್ಯಾಕ್ ಹಾಕಿಸಬ್ಯಾಡ್ರಿ. 2024ರ ಡಿಸೆಂಬರ್‌ನಾಗ ಟ್ರಾಯ್ (ಫೋನ್ ಕಂಪನಿಗಳ ಮ್ಯಾಲ ನಿಗಾ ಇಡೋ ಸರ್ಕಾರಿ ಸಂಸ್ಥೆ), ಬರೇ ಕಾಲ್ ಮತ್ತ ಎಸ್‌ಎಂಎಸ್ ಇರೋ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳೈತಿ. ಅಂಗಡಿಯಾಗ ತಾವಾಗೇ ಹೇಳೋದು ಕಡಿಮಿ, ನೀವ ಬಾಯಿಬಿಟ್ಟು ಕೇಳಬೇಕು. ಕಷ್ಟಪಟ್ಟು ದುಡಿದ ಹಿರೇರು ಎಂದೂ ಬಳಸದ ಜಿಬಿಗೆ ರೊಕ್ಕ ಕೊಡೋದು ನನಗಂತೂ ಭಾಳ ಸಂಕಟ ಆಗ್ತೈತಿ.

ನಿಮಗ ಧಾರವಾಡದಾಗ ಸಿಗ್ನಲ್ ಚಿಂತಿ ಕಡಿಮಿ, ರೂಮಿನಾಗ ನೋಡಿಕೊಂಡ್ರ ಸಾಕು, ನೀವು ರೇಟ್ ಲೆಕ್ಕ ಮಾಡ್ರಿ. 28 ದಿನದ ಪ್ಯಾಕ್ ತಿಂಗಳಿಂದಲ್ಲ, ವರ್ಷಕ್ಕ 13 ಸಲ ಹಾಕಬೇಕಾಗ್ತೈತಿ. ಲೆಕ್ಕಕ್ಕಂತ ಹಿಡೀರಿ, 299 ರೂಪಾಯಿಗೆ 28 ದಿನ ಅಂದ್ರ ದಿನಕ್ಕ 10 ರೂಪಾಯಿ 68 ಪೈಸೆ, 319ಕ್ಕ 30 ದಿನ ಅಂದ್ರ 10 ರೂಪಾಯಿ 63 ಪೈಸೆ, ತುಟ್ಟಿ ಕಂಡಿದ್ದ ಅಗ್ಗ ಬಿತ್ತು. ಹಾಸ್ಟೆಲ್, ರೂಮಿನಾಗ ವೈಫೈ ಇದ್ರ ದಿನಾ 2 ಜಿಬಿ ಯಾಕ್ರಿ ಬೇಕು?

ನಂಬರ್ ಬದಲಿಸಬ್ಯಾಡ್ರಿ, ಬ್ಯಾಂಕು ಆಧಾರ್ ಎಲ್ಲಾ ಅದಕ್ಕ ಜೋಡಿಸಿರ್ತೈತಿ, ಪೋರ್ಟ್ ಮಾಡಿಸ್ರಿ, ಅಂದ್ರ ನಂಬರ್ ಅದ ಇಟ್ಕೊಂಡು ಕಂಪನಿ ಅಷ್ಟ ಬದಲಿಸ್ರಿ. ಇಂಗ್ಲಿಷ್‌ನಾಗ ಪೋರ್ಟ್ ಅಂತ ಬರದು ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕ ಮೆಸೇಜ್ ಕಳಿಸಿದ್ರ ಕೋಡ್ ಬರ್ತೈತಿ, ನಮ್ಮ ಕರ್ನಾಟಕದಾಗ ಅದು 4 ದಿನ ನಡೀತೈತಿ, ಅಷ್ಟರಾಗ ಹೊಸ ಕಂಪನಿ ಅಂಗಡಿಗೆ ಆಧಾರ್ ತಗೊಂಡು ಹೋಗ್ರಿ. ಈಗಿನ ಕಂಪನಿಯಾಗ 90 ದಿನ ಆಗಿರಬೇಕು, ಸಿಮ್ ಕಳಕೊಂಡು ಹೊಸಾದು ತಗೊಂಡಿದ್ರ 7 ದಿನ ಕಾಯಬೇಕು. ಉಳಿದ ಬ್ಯಾಲೆನ್ಸ್, ಪ್ಯಾಕ್ ಜೋಡಿ ಬರಂಗಿಲ್ಲ, ಅದಕ್ಕ ಪ್ಯಾಕ್ ಮುಗಿಯಾಕ ನಾಕೈದು ದಿನ ಇದ್ದಾಗ ಮೆಸೇಜ್ ಹಾಕ್ರಿ.